ಯಲ್ಲಮ್ಮನ ರಕ್ತಪರೀಕ್ಷೆ

ಮೂರನೆಯ ಬಸಿರೂ ನಿಲ್ಲದೆ ಹೋದಾಗ ಎಲ್ಲರೂ ಸೇರಿ ತಪ್ಪನ್ನು ಬಸ್ಸಿನ ಮೇಲೆ ಹೊರಿಸಿದರು.

ಕವನ ಸರ್ಕಾರಿ ಬಸ್ಸಿನ ಕಂಡಕ್ಟರ್. ಶಿವಮೊಗ್ಗದಿಂದ ಭದ್ರಾವತಿಗೆ, ಭದ್ರಾವತಿಯಿಂದ ಶಿವಮೊಗ್ಗಕ್ಕೆ, ಒಂಬತ್ತು ವರ್ಷದಿಂದ ಅದೇ ದಾರಿ. ಹೆಂಗಸರಿಗೆ ಟಿಕೆಟ್ಟು ಬಿಟ್ಟಿಯಾದ ಮೇಲಂತೂ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆ ನೂಕುನುಗ್ಗಲಿನಲ್ಲಿ ಸೀಟಿನ ಕಂಬಿಗೆ ಸೊಂಟ ಆನಿಸಿ, ಒಂದು ಕೈಯಲ್ಲಿ ಮಷಿನ್ ಒತ್ತುತ್ತ, ಇನ್ನೊಂದು ಕೈಯಲ್ಲಿ ಆಧಾರ್ ಕಾರ್ಡು ನೋಡುತ್ತ ಅವಳು ಹಿಂದಿನಿಂದ ಮುಂದಕ್ಕೆ ಬರುವಷ್ಟರಲ್ಲಿ ಮಾಚೇನಹಳ್ಳಿ ದಾಟಿರುತ್ತಿತ್ತು.

ಮದುವೆಯಾದ ಮೊದಲ ಮೂರು ವರ್ಷ ಅವಳಿಗೆ ಬಸಿರೇ ನಿಂತಿರಲಿಲ್ಲ. ಆಮೇಲೆ ನಿಂತಿದ್ದು ಏಳನೆಯ ವಾರಕ್ಕೆ ಹೋಯಿತು. ಎರಡನೆಯದು ಒಂಬತ್ತನೆಯ ವಾರಕ್ಕೆ. “ಆ ಕುಲುಕಾಟದಲ್ಲಿ ಉಂಡ ಅನ್ನ ನಿಲ್ಲೋದೇ ಕಷ್ಟ, ಇನ್ನು ಅಷ್ಟು ಸಣ್ಣ ಜೀವ ಹೆಂಗೆ ನಿಲ್ತದೆ ತಾಯಿ?” ಎಂದು ಅತ್ತೆ ಬಂದವರ ಮುಂದೆಲ್ಲ ಹೇಳಿಕೊಂಡು ಓಡಾಡಿದರು. ಹೇಳುವ ಧಾಟಿಯಲ್ಲಿ ಸಿಟ್ಟೇನೂ ಇರಲಿಲ್ಲ. ಅದೇ ಕವನಳಿಗೆ ಹೆಚ್ಚು ನೋಯುತ್ತಿತ್ತು. ಏಕೆಂದರೆ ಅವಳೂ ಅದನ್ನೇ ನಂಬಿದ್ದಳು. ಯಾವ ದಿನ, ಯಾವ ಹಂಪಿನಲ್ಲಿ ಡ್ರೈವರ್ ತಡವಾಗಿ ಬ್ರೇಕು ಹಾಕಿದ, ಯಾವ ತಿರುವಿನಲ್ಲಿ ತಾನು ಕಂಬಿ ಹಿಡಿಯಲು ಮರೆತೆ ಎಂದು ಹಾಸಿಗೆಯಲ್ಲಿ ಮಲಗಿ ಲೆಕ್ಕ ಹಾಕಿದ್ದಳು.

ಹಾಗಾಗಿ ಮೂರನೆಯ ಸಲ ಎರಡು ಗೆರೆ ಕಂಡ ದಿನವೇ ಅರ್ಜಿ ಕೊಟ್ಟು ಡಿಪೋದ ಒಳಗೆ ಕುರ್ಚಿ ಕೆಲಸ ಹಾಕಿಸಿಕೊಂಡಳು. ಐದು ವಾರ ಕುರ್ಚಿ ಬಿಟ್ಟು ಅಲ್ಲಾಡಲಿಲ್ಲ. ಗಂಡ ಹಾಲೇಶ್ ನೀರಿನ ಬಿಂದಿಗೆ ಮುಟ್ಟಲೂ ಬಿಡಲಿಲ್ಲ. ಆದರೂ ಒಂದು ಮಂಗಳವಾರ ಮಧ್ಯಾಹ್ನ ಸ್ಕ್ಯಾನಿಂಗ್ ಮಾಡುತ್ತಿದ್ದ ಹುಡುಗಿ ಮಾತು ನಿಲ್ಲಿಸಿದಳು. ಆ ಮೌನ ಕವನಳಿಗೆ ಆಗಲೇ ಪರಿಚಯವಾಗಿತ್ತು.

“ಹಿಂದೆ ಓಡಾಡಿದ್ದು ಈಗ ತೋರಿಸ್ತು ನೋಡು” ಎಂದರು ಅತ್ತೆ.

ಹೆರಿಗೆ ಡಾಕ್ಟರು ಮಾತ್ರ ಬೇರೆ ಮಾತಾಡಿದರು. ಗಂಡ ಹೆಂಡತಿ ಇಬ್ಬರ ರಕ್ತವನ್ನೂ ಬೆಂಗಳೂರಿಗೆ ಕಳಿಸಿ ನೋಡೋಣ, ಮೂರು ಸಲ ಹೀಗಾದರೆ ನೋಡಲೇಬೇಕು ಎಂದರು. ಹಾಲೇಶ್ ತ್ಯಾವರೆಕೊಪ್ಪದ ಸಫಾರಿಯಲ್ಲಿ ಜನರನ್ನು ಕೂರಿಸಿಕೊಂಡು ಹುಲಿ, ಸಿಂಹ ತೋರಿಸುವ ವ್ಯಾನಿನ ಡ್ರೈವರ್. ಅವನು ಒಂದು ರಜೆ ಹಾಕಿ ಬಂದು ತೋಳು ಚಾಚಿದ. ಮೂರು ವಾರ ಕಳೆದ ಮೇಲೆ ವರದಿ ಬಂತು. ಡಾಕ್ಟರು ಅದನ್ನು ಓದಿ, ಮಡಚಿ, ಲಕೋಟೆಗೆ ವಾಪಸ್ ಹಾಕಿದರು. “ಇದನ್ನ ನಾನು ಹೇಳೋದಕ್ಕಿಂತ ಲಿಖಿತಾ ಮೇಡಂ ಹತ್ರ ಕೇಳಿ. ಅವರು ಇದನ್ನೇ ಓದಿದವರು. ತಿಂಗಳಿಗೆ ಒಂದು ಶನಿವಾರ ಇಲ್ಲಿಗೆ ಬರ್ತಾರೆ” ಎಂದರು.

ಆ ಶನಿವಾರ ಗಂಡ ಹೆಂಡತಿ ಇಬ್ಬರೂ ಡಾಕ್ಟರ್ ಲಿಖಿತಾ ಅವರ ಎದುರು ಕೂತರು. ಚಿಕ್ಕ ವಯಸ್ಸಿನ ಹೆಂಗಸು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅವರು ಲಕೋಟೆಯಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಕವನಳ ಕಡೆಗೆ ತಿರುಗಿಸಿ ಇಟ್ಟರು. ಅದರಲ್ಲಿ ಬರಹಕ್ಕಿಂತ ಚಿತ್ರವೇ ದೊಡ್ಡದಿತ್ತು. ಬೂದು ಬಣ್ಣದ, ಅಡ್ಡಪಟ್ಟೆಯಿದ್ದ, ಬೆರಳಿನ ಗೆಣ್ಣಿನ ಹಾಗೆ ಸ್ವಲ್ಪ ಸ್ವಲ್ಪ ಬಾಗಿದ ತುಂಡುಗಳು. ಎರಡೆರಡಾಗಿ ಸಾಲು ಹಿಡಿದು ನಿಂತಿದ್ದವು. ದೊಡ್ಡವು ಮೇಲೆ, ಸಣ್ಣವು ಕೆಳಗೆ.

“ಇದೇನು ಮೇಡಂ?”

“ಇದು ನೀವು” ಎಂದರು ಲಿಖಿತಾ. “ನಿಮ್ಮ ಒಂದು ಹನಿ ರಕ್ತದಲ್ಲಿ ಲಕ್ಷಾಂತರ ಜೀವಕೋಶ ಇರ್ತವೆ. ಅದರಲ್ಲಿ ಒಂದನ್ನ ಬಿಚ್ಚಿ ಫೋಟೋ ತೆಗೆದಿದ್ದಾರೆ. ಇವಕ್ಕೆ ಕ್ರೋಮೋಸೋಮ್ ಅಂತಾರೆ. ನಲವತ್ತಾರು ಇವೆ, ಇಪ್ಪತ್ತಮೂರು ಜೋಡಿ. ಪ್ರತಿ ಜೋಡಿಯಲ್ಲೂ ಒಂದು ನಿಮ್ಮಮ್ಮ ಕೊಟ್ಟಿದ್ದು, ಒಂದು ನಿಮ್ಮಪ್ಪ ಕೊಟ್ಟಿದ್ದು. ನಿಮ್ಮ ಮೂಗು, ಎತ್ತರ, ದನಿ, ಎಲ್ಲ ಇದರೊಳಗೆ ಬರೆದಿರ್ತದೆ.”

ಕವನ ಬಗ್ಗಿ ನೋಡಿದಳು. ಕನ್ನಡಿಯಲ್ಲಿ ಮೂವತ್ತೆರಡು ವರ್ಷ ನೋಡಿಕೊಂಡಿದ್ದ ಮುಖಕ್ಕೂ ಈ ಪಟ್ಟೆಪಟ್ಟೆ ತುಂಡುಗಳಿಗೂ ಏನೊಂದು ಹೋಲಿಕೆಯೂ ಇರಲಿಲ್ಲ. ಆದರೂ ಆರು ವರ್ಷದ ಹಿಂದೆ ತೀರಿಹೋದ ಅಮ್ಮ ಈ ಹಾಳೆಯಲ್ಲಿ ಅರ್ಧ ಇದ್ದಾಳೆ ಎನ್ನಿಸಿ ಅವಳು ಒಂದೊಂದು ಜೋಡಿಯನ್ನೂ ದಿಟ್ಟಿಸಿದಳು.

ಲಿಖಿತಾ ಎರಡು ಜೋಡಿಗಳ ಸುತ್ತ ಪೆನ್ಸಿಲಿನಿಂದ ಗುಂಡಗೆ ಗೆರೆ ಎಳೆದರು. ನಾಲ್ಕನೆಯದು, ಹತ್ತನೆಯದು. ಆಮೇಲೆ ಪೆನ್‌ಸ್ಟ್ಯಾಂಡಿನಿಂದ ಎರಡು ಕೆಂಪು ಪೆನ್ನು, ಎರಡು ನೀಲಿ ಪೆನ್ನು ಆರಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದು ಕೆಂಪು ಪೆನ್ನಿನ ಕ್ಯಾಪು ತೆಗೆದು ನೀಲಿಗೆ ಹಾಕಿದರು. ಆ ನೀಲಿಯದನ್ನು ಕೆಂಪಿಗೆ ಹಾಕಿದರು.

“ಕೆಂಪು ಜೋಡಿ ನಿಮ್ಮ ನಾಲ್ಕನೇದು ಅಂದ್ಕೊಳ್ಳಿ, ನೀಲಿ ಹತ್ತನೇದು. ಒಂದೊಂದರ ತುದಿ ಅದಲುಬದಲಾಗಿದೆ. ಈಗ ಎಣಿಸಿ ನೋಡಿ, ಏನಾದ್ರೂ ಕಮ್ಮಿ ಇದೆಯಾ?”

ಕವನ ನಿಜವಾಗಿಯೂ ಎಣಿಸಿದಳು. ನಾಲ್ಕು ಪೆನ್ನು. ಎರಡು ಕೆಂಪು ಕ್ಯಾಪು, ಎರಡು ನೀಲಿ ಕ್ಯಾಪು. “ಇಲ್ಲ, ಎಲ್ಲ ಇದೆ.”

“ಅದಕ್ಕೇ ನೀವು ಆರೋಗ್ಯವಾಗಿದ್ದೀರಿ. ನಿಮಗೆ ಯಾವ ಕಾಯಿಲೆಯೂ ಇಲ್ಲ. ಆದ್ರೆ ಮಗೂಗೆ ನೀವು ಇದರಲ್ಲಿ ಒಂದು ಕೆಂಪು, ಒಂದು ನೀಲಿ ಮಾತ್ರ ಕೊಡಬೇಕು. ಉಳಿದಿದ್ದು ಇವರು ಕೊಡ್ತಾರೆ, ಇವರ ವರದೀಲಿ ಎಲ್ಲ ಸರಿಯಾಗಿದೆ. ಕಣ್ಣು ಮುಚ್ಚಿ ಎತ್ತಿ ಕೊಡಿ.”

ಕವನ ಕಣ್ಣು ಮುಚ್ಚಿಕೊಂಡಳು. ಲಿಖಿತಾ ಅವಳ ಕೈಯನ್ನು ಮೊದಲು ಕೆಂಪಿನ ಮೇಲೆ, ಆಮೇಲೆ ನೀಲಿಯ ಮೇಲೆ ಇಟ್ಟರು. ಕಣ್ಣು ತೆರೆದು ನೋಡಿದರೆ ಅವಳ ಅಂಗೈಯಲ್ಲಿ ಒಂದು ಕೆಂಪು ಪೆನ್ನಿಗೆ ಕೆಂಪು ಕ್ಯಾಪು ಇತ್ತು, ನೀಲಿ ಪೆನ್ನಿಗೂ ಕೆಂಪು ಕ್ಯಾಪು.

“ನೀಲಿ ಕ್ಯಾಪು ಎಲ್ಲಿ?” ಎಂದರು ಲಿಖಿತಾ ಮೆಲ್ಲಗೆ. “ಬರಲಿಲ್ಲ. ಅದರಲ್ಲಿ ಬರೆದಿದ್ದು ಈ ಮಗೂಗೆ ಅರ್ಧವೇ ಸಿಕ್ತು. ಕೆಂಪು ಕ್ಯಾಪಿನಲ್ಲಿ ಬರೆದಿದ್ದು ಎರಡು ಸಲ ಬಂತು. ಅಂಥದ್ದು ಹೆಚ್ಚು ದಿನ ಬೆಳೆಯಲ್ಲ. ಇನ್ನೊಂದ್ಸಲ ಎತ್ತಿ.”

ಎರಡನೆಯ ಸಲ ಕೆಂಪಿಗೆ ಕೆಂಪು, ನೀಲಿಗೆ ನೀಲಿ ಬಂತು. “ಇದು ಪೂರ್ತಿ ಸರಿ.” ಮೂರನೆಯ ಸಲ ಅದಲುಬದಲಾದವೆರಡೂ ಒಟ್ಟಿಗೆ ಕೈಗೆ ಬಂದವು. “ಇದೂ ಸರಿ. ಎಲ್ಲ ಇದೆ, ಜಾಗ ಮಾತ್ರ ಬೇರೆ. ಇದೇ ನೀವು. ನೀವು ಹುಟ್ಟಿದ್ದು ಹೀಗೆ.”

ಹಾಲೇಶ್ ಆ ಎರಡು ಪೆನ್ನುಗಳನ್ನು ಹೆಂಡತಿಯ ಕೈಯಿಂದ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ.

“ಹಾಗಾದ್ರೆ ಬಸ್ಸಿನಿಂದ ಅಲ್ವಾ ಮೇಡಂ?” ಎಂದು ಕೇಳಿದಳು ಕವನ.

“ಯಾವ ಬಸ್ಸು?”

ಅವಳು ಹೇಳಿದಳು. ಹಂಪು, ಬ್ರೇಕು, ಅತ್ತೆ, ಕುರ್ಚಿ ಕೆಲಸ, ಎಲ್ಲ. ಲಿಖಿತಾ ಪೂರ್ತಿ ಕೇಳಿದರು. “ನೋಡಿ ಕವನ, ಆ ಮಕ್ಕಳು ಉಳಿಯಲ್ಲ ಅನ್ನೋದು ಅವು ಮೂಡಿದ ಗಳಿಗೇಲೇ ಆಗಿಹೋಗಿತ್ತು. ಆಮೇಲೆ ನೀವು ಬಸ್ಸಲ್ಲಿ ನಿಂತಿದ್ರೂ ಅಷ್ಟೇ, ಮಂಚದ ಮೇಲೆ ಮಲಗಿದ್ರೂ ಅಷ್ಟೇ. ಮೊದಲ ಮೂರು ವರ್ಷ ಏನೂ ಆಗಲೇ ಇಲ್ಲ ಅಂದ್ರಲ್ಲ, ಆಗಲೂ ಕೆಲವು ಮೂಡಿ, ನಿಮಗೆ ಗೊತ್ತಾಗೋ ಮುಂಚೆ ಹೋಗಿರಬಹುದು” ಎಂದರು.

ಮುಂದೇನು ಎಂಬುದಕ್ಕೆ ಅವರು ಎರಡು ದಾರಿ ಹೇಳಿದರು. ಬೆಂಗಳೂರಿಗೆ ಹೋಗಿ ಭ್ರೂಣವನ್ನು ಹೊರಗೆ ಬೆಳೆಸಿ, ಪರೀಕ್ಷೆ ಮಾಡಿ, ಸರಿಯಿದ್ದದ್ದನ್ನು ಒಳಗೆ ಇಡಿಸಿಕೊಳ್ಳುವುದು ಒಂದು. ತಾವಾಗಿಯೇ ಪ್ರಯತ್ನಿಸಿ, ಬಸಿರು ನಿಂತರೆ ನಾಲ್ಕನೆಯ ತಿಂಗಳಲ್ಲಿ ಹೊಟ್ಟೆಯ ನೀರು ತೆಗೆದು ನೋಡುವುದು ಇನ್ನೊಂದು. ಅವಸರವಿಲ್ಲ, ಯೋಚಿಸಿ ಎಂದರು. ಎದ್ದು ಹೊರಡುವಾಗ ಮತ್ತೊಂದು ಮಾತು ಸೇರಿಸಿದರು: “ಇದು ಸಾಮಾನ್ಯವಾಗಿ ಅಪ್ಪನಿಂದಲೋ ಅಮ್ಮನಿಂದಲೋ ಬಂದಿರ್ತದೆ. ನಿಮ್ಮ ತಂದೆ ಒಪ್ಪಿದ್ರೆ ಅವರ ರಕ್ತಾನೂ ನೋಡಬಹುದು.”

ಸೋಮವಾರ ಕವನ ಡಿಪೋದಲ್ಲಿ ಅರ್ಜಿ ಕೊಟ್ಟು ತನ್ನ ಹಳೆಯ ಮಾರ್ಗವನ್ನೇ ಕೇಳಿ ಪಡೆದಳು. ಬೆಳಗಿನ ಬಸ್ಸು ಎಂದಿನಂತೆ ತುಂಬಿತ್ತು. ಹಿಂದಿನ ಬಾಗಿಲ ಹತ್ತಿರ ನಿಂತು ಅವಳು ತಲೆ ಎಣಿಸಿದಳು, ಎಪ್ಪತ್ತೊಂದು. ಕಾಲೇಜಿನ ಹುಡುಗಿಯರು, ನವುಲೆಯ ಕಡೆ ಕೂಲಿಗೆ ಹೋಗಿ ಬರುವ ಹೆಂಗಸರು, ಬಾಗಿಲಿಗೆ ಜೋತುಬಿದ್ದು ತಮಿಳಿನಲ್ಲಿ ಜಗಳವಾಡುತ್ತಿದ್ದ ಇಬ್ಬರು ಕಾರ್ಖಾನೆ ಕೆಲಸಗಾರರು, ಹೂವಿನ ಬುಟ್ಟಿಯ ಮುದುಕಿ. ಎಪ್ಪತ್ತೊಂದು ಜನ. ಒಬ್ಬೊಬ್ಬರೂ ಒಂದು ಕಾಲದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣವರಾಗಿದ್ದು, ಏನೊಂದೂ ತಪ್ಪದಂತೆ, ಏನೊಂದೂ ಹೆಚ್ಚಾಗದಂತೆ ಎಣಿಸಿ ಕೊಟ್ಟಿದ್ದನ್ನು ಹಿಡಿದುಕೊಂಡು ಇಲ್ಲಿಯವರೆಗೆ ಬಂದವರು. ಹೇಗೆ ಬಂದಿರೆಂದು ಯಾರನ್ನು ಕೇಳಿದರೂ ಅವರಿಗೆ ಗೊತ್ತಿಲ್ಲ. ಆ ಜಗಳಗಂಟರ ಮುಖವನ್ನೇ ಅವಳು ಬೆರಗಿನಿಂದ ನೋಡುತ್ತ ನಿಂತಳು. ಒಬ್ಬ ಜಗಳ ನಿಲ್ಲಿಸಿ, “ಏನಕ್ಕಾ, ಟಿಕೆಟ್ಟು ತಗೊಂಡಾಯ್ತಲ್ಲ” ಎಂದ.

ಮನೆಯಲ್ಲಿ ಹಾಲೇಶ್ ತನ್ನ ತಾಯಿಗೆ ವಿಷಯ ಹೇಳಿದ. ಎಲ್ಲ ಕೇಳಿದ ಮೇಲೆ ಅವರು, “ಹಂಗಾದ್ರೆ ನಮ್ಮ ಕಡೆಯಿಂದ ಏನೂ ಇಲ್ಲ ಅಂತಾಯ್ತು” ಎಂದರು.

“ಕಡೆ ಗಿಡೆ ಏನಿಲ್ಲಮ್ಮ” ಎಂದ ಹಾಲೇಶ್. “ನಂದೂ ಇವಳ ಹಂಗೇ ಇದ್ದಿದ್ರೆ ನೀನು ಏನಂತಿದ್ದೆ? ಬಸ್ಸಿನ ಮಾತು ಮಾತ್ರ ಈ ಮನೇಲಿ ಇನ್ನೊಂದ್ಸಲ ಬೇಡ.” ಹುಲಿ ಹೊರಗೆ ಬರುವವರೆಗೆ ಎಂಜಿನ್ ಆರಿಸಿ ಅರ್ಧ ಗಂಟೆ ಅಲ್ಲಾಡದೆ ಕೂರಬಲ್ಲ ಮನುಷ್ಯ ಅವನು. ದನಿ ಏರಿಸಿದವನಲ್ಲ. ಅವತ್ತೂ ಏರಿಸಲಿಲ್ಲ. ಅತ್ತೆ ಎದ್ದು ಒಲೆಯ ಹತ್ತಿರ ಹೋದರು.

ಕವನಳ ತವರು ಭದ್ರಾವತಿಯ ಓಲ್ಡ್ ಟೌನಿನಲ್ಲಿ. ಅಪ್ಪ ಪುಟ್ಟಯ್ಯ ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಕಾರ್ಖಾನೆ ನಿಂತ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ ಹಾಕಿಕೊಂಡಿದ್ದ. ಹುಬ್ಬು, ಮೀಸೆ, ಕಿವಿಯ ಮೇಲಿನ ಕೂದಲು ಎಲ್ಲಕ್ಕೂ ಹಿಟ್ಟು ಹತ್ತಿ, ಇದ್ದ ಅರವತ್ತೆರಡು ವರ್ಷಕ್ಕಿಂತ ಮುದುಕನಾಗಿ ಕಾಣುತ್ತಿದ್ದ. ಹಿಂದಿನ ಕೋಣೆಯಲ್ಲಿ ಅವನ ತಾಯಿ ಯಲ್ಲಮ್ಮ ಇದ್ದಳು. ಎಂಬತ್ತನಾಲ್ಕು ವರ್ಷ. ಕಿವಿ ಚುರುಕು, ಹಲ್ಲು ಮೂರು.

ಮಗಳು ಹೇಳಿದ್ದನ್ನು ಕೇಳಿ ಪುಟ್ಟಯ್ಯ ಮಷಿನ್ ಆರಿಸಿದ. “ನನ್ನಿಂದ ಬಂದಿದೆ ಅಂತೀಯಾ?”

“ಗೊತ್ತಿಲ್ಲಪ್ಪ. ಅಮ್ಮನಿಂದಲೂ ಇರಬಹುದು. ನೋಡಿದ್ರೆ ತಾನೇ ತಿಳಿಯೋದು.”

ಅವನು ರಕ್ತ ಕೊಟ್ಟ. ಅವನದೇ ಎಂದು ಬಂತು. ನಾಲ್ಕನೆಯದು, ಹತ್ತನೆಯದು, ಅದೇ ಜಾಗದಲ್ಲಿ, ಅಳತೆ ಇಟ್ಟು ಕತ್ತರಿಸಿದ ಹಾಗೆ. ಫೋನಿನಲ್ಲಿ ಸುದ್ದಿ ತಿಳಿದ ಪುಟ್ಟಯ್ಯ ಎರಡು ದಿನ ಗಿರಣಿಯ ಬಾಗಿಲು ತೆರೆಯಲಿಲ್ಲ. ಗಿರಾಕಿಗಳು ಜೋಳದ ಚೀಲ ಜಗುಲಿಯಲ್ಲಿ ಇಟ್ಟು ಹೋದರು. ಮೂರನೆಯ ದಿನ ಕವನ ಡ್ಯೂಟಿ ಮುಗಿಸಿ ಹೋದಾಗ ಅವನು ಗೋಡೆಗೆ ಒರಗಿ ಕೂತಿದ್ದ. “ನಿಮ್ಮಮ್ಮಂಗೂ ನಿನಗಿಂತ ಮುಂಚೆ ಎರಡು ಹೋಗಿದ್ವು. ಕವಡೆ ಹಾಕಿಸಿದ್ವಿ, ಹರಕೆ ಕಟ್ಟಿದ್ವಿ, ಅವಳು ಹತ್ತಿದ್ದು ಇಳಿದಿದ್ದೆಲ್ಲ ತಪ್ಪು ಅಂದ್ವಿ. ನನ್ನೊಳಗೇ ಇತ್ತಲ್ಲೇ ಮಗಾ. ಅವಳಿಗೆ ಹೇಳೋಣ ಅಂದ್ರೆ ಅವಳಿಲ್ಲ” ಎಂದ.

ಹಿಂದಿನ ಕೋಣೆಯಿಂದ ಯಲ್ಲಮ್ಮ ಗೋಡೆ ಹಿಡಿದುಕೊಂಡು ಬಂದಳು. “ಎರಡು ದಿನದಿಂದ ಕೇಳ್ತಿದ್ದೀನಿ, ಇವನು ಬಾಯಿ ಬಿಡ್ತಿಲ್ಲ. ಏನಾಗಿದೆ ಅಂತ ನೀನಾದ್ರೂ ಹೇಳೇ ಕವನಾ.”

ಅಜ್ಜಿಗೆ ಪೆನ್ನಿನ ಲೆಕ್ಕ ಬೇಡವೆಂದು ಕವನ ಅಡುಗೆಮನೆಯಿಂದ ನಾಲ್ಕು ಡಬ್ಬಿ ತಂದು ಮುಚ್ಚಳ ಬದಲಿಸಿ ತೋರಿಸಿದಳು. ಯಲ್ಲಮ್ಮ ಒಂದೇ ಸಲಕ್ಕೆ ಹಿಡಿದಳು. ಡಬ್ಬಿಗಳನ್ನು ತಾನೇ ಆಚೆ ಈಚೆ ಸರಿಸಿ, ಕೂಡುವುದು ಯಾವುದು, ಕೂಡದಿರುವುದು ಯಾವುದು ಎಂದು ನೋಡಿದಳು.

“ನನಗೆ ಎಂಟು” ಎಂದಳು ಕೊನೆಗೆ.

“ಏನು ಎಂಟು ಅಜ್ಜಿ?”

“ಬಸಿರು. ನಿಮ್ಮಪ್ಪ ಐದನೇದು. ಅವನ ಮುಂಚೆ ನಾಲ್ಕು, ಆಮೇಲೆ ಮೂರು. ಐದಂತೂ ಮೂರು ತಿಂಗಳೊಳಗೇ ಹೋದ್ವು. ಎರಡು ಮಾತ್ರ ತಿಂಗಳು ತುಂಬಿ ಬಂದ್ವು, ಹುಟ್ಟಿ ಒಂದು ದಿನ ದಾಟಲಿಲ್ಲ. ಒಂದರ ತುಟಿ ಸೀಳಿತ್ತು. ಅದರ ಮುಖ ನನಗೆ ಈಗಲೂ ನೆಪ್ಪದೆ.”

ಮೂವತ್ತೆರಡು ವರ್ಷ ಈ ಮುದುಕಿಯ ತೊಡೆಯ ಮೇಲೆ, ಪಕ್ಕದಲ್ಲಿ, ಎದುರಿನಲ್ಲಿ ಬೆಳೆದ ಕವನ ಈ ಲೆಕ್ಕವನ್ನು ಮೊದಲ ಸಲ ಕೇಳುತ್ತಿದ್ದಳು. ತನ್ನ ಮೂರಕ್ಕೆ ತಾನು ಹೇಗೆ ಕುಸಿದಿದ್ದೆ ಎಂದು ನೆನೆದಳು. ಏಳು. ಅದೂ ಆ ಕಾಲದಲ್ಲಿ, ಕೇಳುವವರಿಲ್ಲದೆ.

“ನಮ್ಮತ್ತೆ ನನ್ನನ್ನ ಯಾರ ಮನೆ ಸೀಮಂತಕ್ಕೂ ಕಳಿಸ್ತಿರಲಿಲ್ಲ” ಎಂದಳು ಯಲ್ಲಮ್ಮ. “ನನ್ನ ಕಣ್ಣು ಬಿದ್ರೆ ಅವರದ್ದೂ ನಿಲ್ಲಲ್ಲ ಅಂತ. ಮಕ್ಕಳು ತಿನ್ನೋಳು ಅಂತ ಬೀದೀಲೆಲ್ಲ ಹೆಸರಿಟ್ಟಿದ್ರು. ನನಗೂ ಹಂಗೇ ಇರಬೇಕು ಅನ್ನಿಸ್ತು. ಇಷ್ಟು ವರ್ಷ ಹಂಗೇ ಇತ್ತು.” ಅವಳು ಡಬ್ಬಿಗಳ ಮುಚ್ಚಳಗಳನ್ನು ಮತ್ತೆ ಅವುಗಳ ಜಾಗಕ್ಕೆ ಹಾಕಿದಳು. “ನನ್ನ ರಕ್ತಾನೂ ತಗೊಳ್ಳಲಿ. ನನ್ನದಾ, ನಿಮ್ಮಜ್ಜಂದಾ, ತಿಳೀಬೇಕು.”

“ನಿನ್ನ ಕೈಲಾಗಲ್ಲಮ್ಮ, ಅಷ್ಟು ದೂರ” ಎಂದ ಪುಟ್ಟಯ್ಯ.

“ನನ್ನ ಮೊಮ್ಮಗಳದೇ ಬಸ್ಸಿದೆ.”

ಲಿಖಿತಾ ಬರುವ ಮುಂದಿನ ಶನಿವಾರ ಕವನ ಅವಳನ್ನು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂರಿಸಿ ಶಿವಮೊಗ್ಗಕ್ಕೆ ಕರೆತಂದಳು. ಪುಟ್ಟಯ್ಯನೂ ಪಕ್ಕದಲ್ಲಿ ಕೂತ. ಲಿಖಿತಾ ಯಲ್ಲಮ್ಮನ ಮಾತು ಕೇಳಿ, “ಅಜ್ಜಿ, ಈ ವಯಸ್ಸಲ್ಲಿ ನಿಮಗೆ ಈ ಪರೀಕ್ಷೆ ಬೇಕಿಲ್ಲ. ಕವನಳ ಚಿಕಿತ್ಸೆಗೂ ಇದರಿಂದ ಏನೂ ಬದಲಾಗಲ್ಲ” ಎಂದರು.

“ಚಿಕಿತ್ಸೆಗಲ್ಲ ತಾಯಿ. ನನಗೆ ತಿಳ್ಕೊಳ್ಳೋಕೆ.”

ಲಿಖಿತಾ ಆ ಮುಖವನ್ನು ನೋಡಿ ನರ್ಸನ್ನು ಕರೆದರು. ಸುಕ್ಕಿನ ಕೆಳಗೆ ನರ ಜಾರಿ ಜಾರಿ ಹೋಗುತ್ತಿತ್ತು. ನರ್ಸು ಮೂರು ಸಲ ಚುಚ್ಚಬೇಕಾಯಿತು. ಯಲ್ಲಮ್ಮ ಕಣ್ಣು ಮಿಟುಕಿಸದೆ ತನ್ನ ರಕ್ತ ಕೊಳವೆಯಲ್ಲಿ ಏರುವುದನ್ನು ನೋಡಿದಳು.

ಒಂದು ತಿಂಗಳ ಮೇಲೆ ಮೂವರೂ ಅದೇ ಕೋಣೆಯಲ್ಲಿ ಕೂತಿದ್ದರು. ಲಿಖಿತಾ ಹಾಳೆ ತಿರುಗಿಸಿ ಇಟ್ಟರು. “ನಿಮ್ಮದು ಎಲ್ಲ ಸರಿಯಾಗಿದೆ ಅಜ್ಜಿ. ನಲವತ್ತಾರೂ ಅವುಗಳ ಜಾಗದಲ್ಲೇ ಇವೆ. ಯಾವ ಅದಲುಬದಲೂ ಇಲ್ಲ. ನಿಮ್ಮ ಯಜಮಾನರ ರಕ್ತ ನೋಡೋಕೆ ಈಗ ಆಗಲ್ಲ. ಆದ್ರೆ ಎಂಟರಲ್ಲಿ ಏಳು ಹೋಗಿದ್ದು ನೋಡಿದ್ರೆ ಅವರಿಂದಲೇ ಬಂದಿರಬೇಕು ಅಂತ ಧೈರ್ಯವಾಗಿ ಹೇಳಬಹುದು.”

ಕವನ ಅಜ್ಜಿಯ ಕೈ ಹಿಡಿದುಕೊಂಡಳು. ಅಳುತ್ತಾಳೆ ಎಂದುಕೊಂಡಿದ್ದಳು. ಇಲ್ಲವೇ ಮೂವತ್ತು ವರ್ಷದ ಹಿಂದೆ ಸತ್ತ ಗಂಡನನ್ನು, ಅವನಿಗೂ ಮೊದಲು ಸತ್ತ ಅತ್ತೆಯನ್ನು ಬಯ್ಯುತ್ತಾಳೆ ಎಂದುಕೊಂಡಿದ್ದಳು. ಬೈದಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಯಲ್ಲಮ್ಮ ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಜೋಡಿಯನ್ನು ಮುಟ್ಟುತ್ತ ಬಂದಳು.

“ನಮ್ಮತ್ತೆ ಅವರಿಗೆ ಇನ್ನೊಂದು ಹೆಣ್ಣು ನೋಡಿದ್ಲು” ಎಂದಳು. “ತರೀಕೆರೆ ಕಡೆಯವಳು. ಮಾತೂ ಆಗಿತ್ತು. ಇವರು ಒಪ್ಪಲಿಲ್ಲ. ವಂಶ ಹೋಗೋದಾದ್ರೆ ಇವಳ ಜೊತೇಲೇ ಹೋಗಲಿ ಅಂದ್ಬಿಟ್ರು.” ಬೆರಳು ನಿಂತಿತು. “ಒಪ್ಪಿದ್ರೆ ಆ ಹೆಣ್ಣಿಗೂ ಇದೇ ಗತಿ ಆಗ್ತಿತ್ತಲ್ಲ. ಅವಳು ಪಾರಾದ್ಲು.”

ಲಿಖಿತಾ ತಲೆಯ ಮೇಲಿದ್ದ ಕನ್ನಡಕ ತೆಗೆದು ಒರೆಸಿಕೊಂಡರು. ಕವನಳಿಗೆ ಅಜ್ಜಿಯನ್ನು ಇವತ್ತೇ ಮೊದಲ ಸಲ ಕಂಡಂತಾಯಿತು. ಅರವತ್ತು ವರ್ಷ ಹೊತ್ತ ಕಳಂಕ ಕೆಳಗಿಳಿದ ಗಳಿಗೆಯಲ್ಲಿ ಈ ಹೆಂಗಸಿಗೆ ನೆನಪಾದದ್ದು ತಾನು ಕಣ್ಣಿಂದಲೂ ನೋಡದ ಇನ್ನೊಬ್ಬ ಹೆಂಗಸು. ಇಂಥ ಮನಸ್ಸು ಆ ಪಟ್ಟೆಪಟ್ಟೆ ತುಂಡುಗಳಲ್ಲಿ ಎಲ್ಲಿ ಬರೆದಿರುತ್ತದೆ ಎಂದು ಡಾಕ್ಟರನ್ನು ಕೇಳಬೇಕೆನ್ನಿಸಿತು. ಕೇಳಲಿಲ್ಲ.

ಯಲ್ಲಮ್ಮ ಮಗನ ಕಡೆ ತಿರುಗಿದಳು. ಪುಟ್ಟಯ್ಯ ನೆಲ ನೋಡುತ್ತಿದ್ದ. “ಪುಟ್ಟಾ, ಇಲ್ಲಿ ನೋಡು. ನಿಮ್ಮಪ್ಪಂಗೆ ಗೊತ್ತಿತ್ತಾ? ಅವರಪ್ಪಂಗೆ ಗೊತ್ತಿತ್ತಾ? ಯಾರಿಗೂ ಗೊತ್ತಿಲ್ಲದ್ದಕ್ಕೆ ಯಾರು ಹೊಣೆ. ನೀನು ಹೋಗಿ ಗಿರಣಿ ಬಾಗಿಲು ತೆಗಿ, ಬೆಳಗ್ಗೆಯಿಂದ ಜನ ರೊಟ್ಟಿ ಇಲ್ಲದೆ ಕೂತವ್ರೆ.” ಆಮೇಲೆ ಡಾಕ್ಟರಿಗೆ, “ಈ ಚಿತ್ರ ನಾನೇ ಇಟ್ಕೊಳ್ಳಲಾ?” ಎಂದಳು.

“ನಿಮ್ಮದೇ ಅಜ್ಜಿ ಅದು.”

ಅವಳು ಅದನ್ನು ನಾಲ್ಕಾಗಿ ಮಡಚಿ ಎಲೆಅಡಿಕೆ ಚೀಲದೊಳಗೆ ಇಟ್ಟುಕೊಂಡಳು.

ಕವನ, ಹಾಲೇಶ್ ಬಹಳ ಯೋಚಿಸಿ ತಾವಾಗಿಯೇ ಪ್ರಯತ್ನಿಸುವ ದಾರಿ ಹಿಡಿದರು. ಮತ್ತೆ ಹನ್ನೊಂದು ತಿಂಗಳು ಏನೂ ಆಗಲಿಲ್ಲ. ಆಮೇಲೆ ಆಯಿತು. ಈ ಸಲ ಅವಳು ಬಸ್ಸು ಬಿಡಲಿಲ್ಲ. ಏಳನೆಯ ವಾರ ಕಳೆಯಿತು, ಒಂಬತ್ತನೆಯದು ಕಳೆಯಿತು. ಹನ್ನೆರಡು ದಾಟಿದ ದಿನ ಹಾಲೇಶ್ ಕ್ಯಾಲೆಂಡರಿನ ಮುಂದೆ ನಿಂತು, “ಇಷ್ಟು ದೂರ ನಾವು ಬಂದೇ ಇರಲಿಲ್ಲ ಅಲ್ವಾ?” ಎಂದ. ಇಬ್ಬರಿಗೂ ಹೆದರಿಕೆ ಕಮ್ಮಿಯಾಗುವ ಬದಲು ಹೆಚ್ಚಾಯಿತು. ಯಲ್ಲಮ್ಮನ ಎರಡು ಕೂಸು ತಿಂಗಳು ತುಂಬಿ ಬಂದು ಹೋಗಿದ್ದನ್ನು ಇಬ್ಬರೂ ಮರೆತಿರಲಿಲ್ಲ.

ಹದಿನೇಳನೆಯ ವಾರದಲ್ಲಿ ಪರೀಕ್ಷೆ. ಹೊಟ್ಟೆಯ ಮೇಲೆ ತಣ್ಣಗೆ ಜೆಲ್ಲು ಹಚ್ಚಿ, ತೆರೆಯಲ್ಲಿ ನೋಡಿಕೊಂಡೇ ಡಾಕ್ಟರು ಉದ್ದ ಸೂಜಿ ಇಳಿಸಿದರು. ತೆರೆಯನ್ನು ಕವನಳಿಗೂ ಕಾಣುವಂತೆ ತಿರುಗಿಸಿದ್ದರು. ಕಪ್ಪು ನೀರಿನಲ್ಲಿ ಅಂಗೈಯಷ್ಟು ಜೀವ ಮೊಣಕಾಲು ಮಡಚಿ ಮಲಗಿತ್ತು. ಅದು ಒಂದು ಕೈ ಎತ್ತಿ ಮುಖದ ಹತ್ತಿರ ತಂದಿತು. ಇನ್ನೂ ಯಾರಿಗೂ ಏನೂ ಗೊತ್ತಿಲ್ಲ, ಇದರೊಳಗೆ ಮಾತ್ರ ಎಲ್ಲ ಆಗಲೇ ನಿರ್ಧಾರವಾಗಿ ಕೂತಿದೆ ಎಂದುಕೊಂಡಳು ಕವನ.

“ಸರಿಯಿಲ್ಲ ಅಂತ ಬಂದ್ರೆ?” ಎಂದು ಮನೆಗೆ ಬರುವಾಗ ಕೇಳಿದಳು.

“ಬಂದಾಗ ನೋಡೋಣ ಮಾರಾಯ್ತಿ” ಎಂದ ಹಾಲೇಶ್. “ಅದಕ್ಕೆ ಯಾವ ದಾರಿ ಕಮ್ಮಿ ನೋವೋ ಆ ದಾರಿ. ಅದನ್ನೂ ಇಬ್ಬರೂ ಸೇರೇ ಹಿಡಿಯೋಣ.” ಸ್ವಲ್ಪ ದೂರ ಬಂದ ಮೇಲೆ ಬೈಕು ಪಕ್ಕಕ್ಕೆ ನಿಲ್ಲಿಸಿ ಕಣ್ಣಿಗೆ ಧೂಳು ಬಿತ್ತೆಂದ.

ಹದಿನೆಂಟು ದಿನ. ಹತ್ತೊಂಬತ್ತನೆಯ ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿದ್ದಾಗ ಫೋನು ಬಂತು. ಲಿಖಿತಾ ಅವರ ದನಿ.

“ಕವನ, ವರದಿ ಬಂದಿದೆ. ಗಂಡೋ ಹೆಣ್ಣೋ ಅಂತ ಕಾನೂನು ಪ್ರಕಾರ ಅದರಲ್ಲಿ ಬರೆದಿರಲ್ಲ, ನಾನೂ ಹೇಳಲ್ಲ. ಉಳಿದಿದ್ದು ಹೇಳ್ತೀನಿ. ನಾಲ್ಕು ಮತ್ತೆ ಹತ್ತು ಅದಲುಬದಲಾಗಿವೆ. ಎರಡೂ ಒಟ್ಟಿಗೆ ಬಂದಿವೆ. ಏನೂ ಕಮ್ಮಿ ಇಲ್ಲ, ಏನೂ ಹೆಚ್ಚಿಲ್ಲ. ಮಗು ನಿಮ್ಮ ಹಾಗೇ ಇದೆ.”

ಕವನ ಬಸ್ಸಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಿಮ್ಮ ಹಾಗೇ. ಯಾರೋ ಹೆಸರು ತಿಳಿಯದ ಒಬ್ಬರಲ್ಲಿ, ಯಾವ ಊರಿನಲ್ಲೋ, ಯಾವ ಕಾಲದಲ್ಲೋ ಎರಡು ತುದಿಗಳು ಜಾಗ ಬದಲಿಸಿದ್ದವು. ಅಲ್ಲಿಂದ ಅವು ಅಜ್ಜನಿಗೆ ಬಂದವು, ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ತನಗೆ. ದಾರಿಯುದ್ದಕ್ಕೂ ಎಷ್ಟೋ ಜೀವ ಉದುರಿದವು. ಆದರೂ ಆ ಎರಡು ಒಂದನ್ನೊಂದು ಬಿಡದೆ, ಕೈ ಹಿಡಿದುಕೊಂಡು ಜಾತ್ರೆ ದಾಟುವವರಂತೆ, ತಲೆಮಾರಿನಿಂದ ತಲೆಮಾರಿಗೆ ದಾಟಿಕೊಂಡು ಈಗ ತನ್ನ ಹೊಟ್ಟೆಯವರೆಗೆ ಬಂದಿದ್ದವು. ತನ್ನನ್ನು ಇಷ್ಟು ಅಳಿಸಿದ್ದೂ ಅದೇ, ತಾನು ಇರುವುದೂ ಅದರಿಂದಲೇ. ಇದನ್ನು ಶಾಪವೆನ್ನಬೇಕೋ ಏನೆನ್ನಬೇಕೋ ಅವಳಿಗೆ ತಿಳಿಯಲಿಲ್ಲ. ಅಷ್ಟು ದೊಡ್ಡದಕ್ಕೆ ಅವಳಲ್ಲಿ ಹೆಸರಿರಲಿಲ್ಲ.

“ಬಸ್ಸು ಹೊರಡಲ್ವೇನಮ್ಮ?” ಎಂದು ಕಿಟಕಿಯಿಂದ ಯಾರೋ ಕೇಳಿದರು.

“ಹೊರಡ್ತದೆ. ಎರಡು ನಿಮಿಷ” ಎಂದಳು.

ಸಂಜೆ ಹಾಲೇಶ್‌ಗೆ ಸಂತೋಷದ ಬೆನ್ನಿಗೇ ಚಿಂತೆ ಹತ್ತಿತು. “ಮುಂದೆ ಇದಕ್ಕೂ ನಿನ್ನ ಹಾಗೇ ಕಷ್ಟ ಆಗ್ತದಲ್ಲ.”

“ಆಗಬಹುದು. ಆದ್ರೆ ಅದಕ್ಕೆ ಮೊದಲೇ ಗೊತ್ತಿರ್ತದೆ. ನಾನೇ ಕೂರಿಸಿಕೊಂಡು ಹೇಳ್ತೀನಿ.”

ಸೆಪ್ಟೆಂಬರಿನ ಒಂದು ಬೆಳಗ್ಗೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಮೂರು ಕೇಜಿಗೆ ಸ್ವಲ್ಪ ಕಮ್ಮಿ, ತಲೆ ತುಂಬ ಕೂದಲು. ಬಾಗಿಲ ಹೊರಗೆ ನಿಂತಿದ್ದ ಅತ್ತೆ ಒಳಗೆ ಬಂದವರೇ ಕವನಳ ಹಣೆಯ ಬೆವರು ತಮ್ಮ ಸೆರಗಿನಿಂದ ಒರೆಸಿದರು. ಆಮೇಲೆ ಕಾಲ ಮೇಲಿನ ಹೊದಿಕೆ ಸರಿಮಾಡಿದರು.

ಐದನೆಯ ದಿನ ಅವಳು ಮಗುವಿನೊಂದಿಗೆ ಭದ್ರಾವತಿಗೆ ಬಂದಳು. ಪುಟ್ಟಯ್ಯ ಗಿರಣಿ ಆರಿಸಿ, ಮುಖದ ಹಿಟ್ಟು ಮೂರು ಸಲ ತೊಳೆದು, ಆದರೂ ಮಗುವನ್ನು ಮುಟ್ಟಲು ಅಂಜಿ ಹೊಸ್ತಿಲಲ್ಲೇ ನಿಂತ. ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ ಯಲ್ಲಮ್ಮನ ತೊಡೆಯ ಮೇಲೆ ಕವನ ಮಗುವನ್ನು ಮಲಗಿಸಿದಳು. ಮುದುಕಿ ಮೊದಲು ಅದರ ತುಟಿಯ ಮೇಲೆ ಬೆರಳಾಡಿಸಿದಳು. ಆಮೇಲೆ ಬೇರೆಲ್ಲ ನೋಡಿದಳು.

ಮಗುವಿಗೆ ಎಚ್ಚರವಾಯಿತು. ಒಂದು ಸಲ ಮುಖ ಕಿವುಚಿ, ಮೈಯೆಲ್ಲ ಕೆಂಪಗೆ ಮಾಡಿಕೊಂಡು, ಬಾಯಿ ಅಗಲಿಸಿ ಅಳತೊಡಗಿತು. ಪುಟ್ಟಯ್ಯ ಗಾಬರಿಯಿಂದ ಒಂದು ಹೆಜ್ಜೆ ಒಳಗಿಟ್ಟ. ಕವನ ಎತ್ತಿಕೊಳ್ಳಲು ಬಗ್ಗಿದಳು.

“ಅಳಲಿ ಬಿಡೇ” ಎಂದಳು ಯಲ್ಲಮ್ಮ. “ಒಂಚೂರು ಕೇಳ್ತೀನಿ.”

ಮೂವರೂ ಸುಮ್ಮನೆ ಕೇಳುತ್ತ ಕೂತರು. ಮಗು ತನ್ನ ಪಾಡಿಗೆ ತಾನು ಗಟ್ಟಿಯಾಗಿ ಅಳುತ್ತಲೇ ಇತ್ತು.